ಜಾಗಕ್ಕೆ ಹೆಸರುಂಟು

ದೋಸೆ ಮುರಿಯುವ ಮೊದಲು ಅದನ್ನು ಮಗುಚಿ ಅಡಿ ನೋಡುವ ಗಿರಾಕಿಗಳು ಕಡಿಮೆ. ಮೇಲಿನ ಬಣ್ಣ ನೋಡಿ ಎಲ್ಲರೂ ಮೆಚ್ಚುತ್ತಾರೆ, ಫೋಟೋ ತೆಗೆಯುತ್ತಾರೆ, ತಿನ್ನುತ್ತಾರೆ. ಅಮೆರಿಕದ ರೆಂಟನ್ ಊರಿನ ನಮ್ಮ ಹೋಟೆಲಿಗೆ ಭಾನುವಾರ ಇಗರ್ಜಿಯಿಂದ ನೇರವಾಗಿ ಬರುತ್ತಿದ್ದ ಬಾಯಮ್ಮ ಮಾತ್ರ ಪ್ಲೇಟು ಮುಂದಿಟ್ಟ ಕೂಡಲೇ ಎರಡು ಬೆರಳಲ್ಲಿ ದೋಸೆಯ ಅಂಚು ಎತ್ತಿ ಅಡಿ ನೋಡುತ್ತಿದ್ದರು. ಆಮೇಲೆ ಅಡುಗೆಮನೆಯ ಕಿಂಡಿಯ ಕಡೆ ತಿರುಗಿ ನನಗೆ ಒಮ್ಮೆ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಯನ್ನು ನಾನು ಇಡೀ ವಾರ ಜೇಬಲ್ಲಿಟ್ಟುಕೊಂಡು ತಿರುಗುತ್ತಿದ್ದೆ.

ಬಾಯಮ್ಮ ಎಂಬುದು ಅವರ ಹೆಸರಲ್ಲ. ನಮ್ಮ ಮಂಗಳೂರಿನ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ. ತನ್ನ ಹೆಸರು ಅಚ್ಚಾಗುವುದಿದ್ದರೆ ಮದುವೆ ಕಾಗದದಲ್ಲಿ ಒಮ್ಮೆ, ಸತ್ತ ಸುದ್ದಿಯಲ್ಲಿ ಒಮ್ಮೆ, ನಡುವೆ ಬೇಡ ಎನ್ನುವವರು ಅವರು. ಇಲ್ಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಹಾಸಿಗೆ ಹಿಡಿದವರ ಗಾಯ, ಹುಣ್ಣು, ಕೆಟ್ಟ ಚರ್ಮ ಇವುಗಳನ್ನು ನೋಡಿಕೊಳ್ಳುವ ವಿಭಾಗ ಅವರದು. ಈ ಬೇಸಿಗೆಯಲ್ಲಿ ನಿವೃತ್ತರಾಗಿ, ಗಂಡನನ್ನು ಕರೆದುಕೊಂಡು ಅರಿಝೋನಾದ ಮಗಳ ಮನೆಗೆ ಹೋದರು. ಹೋಗುವಾಗ ಬೀಳ್ಕೊಡುಗೆಯ ಊಟಕ್ಕೆ ಅಡುಗೆ ಮಾಡಿದವನು ನಾನು. ಆ ಊಟದ ಮಧ್ಯೆ ಅವರು ನನ್ನನ್ನು ಎಲ್ಲರೆದುರು ಕೇಳಿದ ಪ್ರಶ್ನೆಯ ಬಗ್ಗೆ ನಮ್ಮ ಕನ್ನಡದವರು ಈಗಲೂ ಮಾತಾಡಿಕೊಳ್ಳುತ್ತಾರೆ. ಕೆಲವರು ನಗುತ್ತಾರೆ. ನಗಲಿ. ಆ ಪ್ರಶ್ನೆಯ ಹಿಂದೆ ಏನಿತ್ತು ಎಂಬುದು ಗೊತ್ತಿದ್ದವನು ನಾನೊಬ್ಬ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅದನ್ನು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ. ಉಡುಪಿಯ ಕಡೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ಕಾವಲಿಯ ಮುಂದೆ ನಿಲ್ಲುವ ಯೋಗ್ಯತೆ ಸಂಪಾದಿಸಿದೆ. ಮುಂಬಯಿ, ದುಬಾಯಿ ಮುಗಿಸಿ ಇಲ್ಲಿಗೆ ಬಂದೆ. ಮೈಸೂರಿನ ನಮ್ಮ ಮಾಲೀಕರು ನನ್ನನ್ನು ಕರೆಸಿಕೊಂಡದ್ದೇ ದೋಸೆಗಾಗಿ. ಈ ದೇಶದಲ್ಲಿ ಇರಲು ನನಗಿದ್ದ ಅನುಮತಿ ಆ ಕೆಲಸದ ಮೇಲೆ ನಿಂತಿತ್ತು. ಕಾವಲಿ ಹೋದರೆ ಅನುಮತಿಯೂ ಹೋಯಿತು, ಊರಿಗೆ ಟಿಕೆಟ್. ಹಾಗಾಗಿ ಜ್ವರ ಇರಲಿ, ಸೊಂಟ ನೋವಿರಲಿ, ಕಾವಲಿ ಬಿಟ್ಟು ಕೂತವನಲ್ಲ. ನನ್ನ ಬೆನ್ನು ನೋಡಿ ಹೋಟೆಲು ತೆರೆದಿದೆಯೋ ಇಲ್ಲವೋ ಎಂದು ತಿಳಿಯಬಹುದಿತ್ತು.

ನನ್ನನ್ನು ಬಗ್ಗಿಸಿದ್ದು ಜ್ವರವೂ ಅಲ್ಲ, ಸೊಂಟವೂ ಅಲ್ಲ. ತೊಡೆಸಂದು.

ಊರಲ್ಲಿ ಒಲೆಯ ಮುಂದೆ ನಾವು ಲುಂಗಿ ಎತ್ತಿ ಕಟ್ಟಿ ನಿಲ್ಲುತ್ತಿದ್ದೆವು. ಸೆಖೆ ಎಷ್ಟಿದ್ದರೂ ಕೆಳಗಿನಿಂದ ಗಾಳಿ ಆಡುತ್ತಿತ್ತು. ಇಲ್ಲಿ ಅಡುಗೆಯವನಿಗೆ ಕಪ್ಪು ಪ್ಯಾಂಟು, ಅದೂ ನೀರು ಹೀರದ ದಪ್ಪ ಪಾಲಿಯೆಸ್ಟರ್. ಹೊರಗೆ ಚಳಿ, ಜಿನುಗು ಮಳೆ. ಬೆಳಿಗ್ಗೆ ಬಸ್ಸಿಗೆ ಕಾಯಬೇಕಲ್ಲ, ಅದಕ್ಕೆ ಒಳಗೊಂದು ಬಿಗಿಯಾದ ಥರ್ಮಲ್ ಒಳಪ್ಯಾಂಟು. ಬಂದವನು ಅದನ್ನು ತೆಗೆಯುವಷ್ಟು ಪುರುಸೊತ್ತಿಲ್ಲದೆ ಹಾಗೇ ಬೆಂಕಿಯ ಮುಂದೆ. ಬೆವರು ಇಳಿದು ಇಳಿದು ತೊಡೆಸಂದಿನಲ್ಲಿ ಮಡುಗಟ್ಟುತ್ತಿತ್ತು. ಮೊದಲು ಉರಿ, ಆಮೇಲೆ ತುರಿಕೆ, ಆಮೇಲೆ ಕೆಂಪು ಅಂಚಿನ ಬಳೆಯಂಥ ಕಲೆ. ಊರಲ್ಲಿ ಗಜಕರ್ಣ ಅನ್ನುತ್ತಾರಲ್ಲ, ಅದು.

ಇದಕ್ಕೆ ನಮ್ಮ ಅಡುಗೆಮನೆಯಲ್ಲಿ ಮದ್ದು ಇತ್ತು. ಊರಿಗೆ ಹೋದವರು ಬರುವಾಗ ಉಪ್ಪಿನಕಾಯಿ, ಹಪ್ಪಳದ ಜೊತೆಗೆ ಒಂದು ಬಗೆಯ ಮುಲಾಮಿನ ಟ್ಯೂಬುಗಳನ್ನು ತರುತ್ತಿದ್ದರು. ಅಲ್ಲಿ ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಹಚ್ಚಿದ ದಿನವೇ ತುರಿಕೆ ಮಾಯ. ಅನ್ನ ಬೇಯಿಸುವವನು, ಪಾತ್ರೆ ತೊಳೆಯುವವನು, ಟೇಬಲ್ ಒರೆಸುವವನು, ಎಲ್ಲರ ಬಳಿಯೂ ಅದೇ ಟ್ಯೂಬು. ಯಾರೂ ಯಾರಿಗೂ ಕಾಯಿಲೆ ಏನು ಎಂದು ಹೇಳುತ್ತಿರಲಿಲ್ಲ. "ಅದು ಉಂಟಾ?" ಎಂದರೆ ಸಾಕು, ಟ್ಯೂಬು ಕೈಗೆ ಬರುತ್ತಿತ್ತು. ಅಮೆರಿಕದ ಡಾಕ್ಟರಿಗೆ ಗೊತ್ತಿಲ್ಲದ ಮದ್ದು ನಮ್ಮಲ್ಲಿದೆ ಎಂಬ ಹೆಮ್ಮೆ ಬೇರೆ.

ತೊಂದರೆ ಎಂದರೆ, ಮಾಯವಾದದ್ದು ಮರಳಿ ಬರುತ್ತಿತ್ತು. ಪ್ರತಿ ಸಲವೂ ಇನ್ನಷ್ಟು ಅಗಲವಾಗಿ. ನಾನು ಸುಮ್ಮನೆ ಬಿಡುವವನಲ್ಲ. ಕೊಳೆ ಇದ್ದರೆ ತಾನೇ ಕಜ್ಜಿ, ಕೊಳೆ ತೆಗೆಯುವುದು ನನಗೆ ಗೊತ್ತಿಲ್ಲವೇ? ಮೈ ಸುಡುವಷ್ಟು ಬಿಸಿ ನೀರು, ಡೆಟಾಲು, ಪಾತ್ರೆ ಉಜ್ಜುವ ಹಸಿರು ನಾರು. ತಳ ಹಿಡಿದ ಪಾತ್ರೆಯನ್ನು ಉಜ್ಜಿದ ಹಾಗೆ ಉಜ್ಜಿದೆ. ಮೇಲೆ ಟ್ಯೂಬು, ಅದರ ಮೇಲೆ ಮುಷ್ಟಿ ತುಂಬ ಪೌಡರ್. ಶರತ್ಕಾಲ ಬರುವ ಹೊತ್ತಿಗೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ ಬಿರಿಯಿತು. ನಾನು ಕಾಲು ಅಗಲಿಸಿ ನಡೆಯತೊಡಗಿದೆ.

ಮಾಲೀಕರು ನೋಡಿದರು. ಒಳ್ಳೆಯವರು, ಕೂಗಾಡುವವರಲ್ಲ.

"ಅಣ್ಣ, ಕಾಲಿಗೇನಾಯ್ತು?" ಎಂದರು.

"ಎಂತ ಇಲ್ಲ."

"ಎಂತ ಇಲ್ಲ ಅಂತೀರ, ಬಾತುಕೋಳಿ ಥರ ನಡೀತಿದೀರ. ನೋಡಿ, ದೀಪಾವಳಿಗೆ ಬೆಲ್ವ್ಯೂನಲ್ಲಿ ದೊಡ್ಡ ಆರ್ಡರ್ ಇದೆ. ಲೈವ್ ದೋಸೆ ಕೌಂಟರ್. ನಿಮ್ಮ ಕೈಲಿ ನಿಲ್ಲೋಕೆ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ನ್ಯೂಜೆರ್ಸಿಯಲ್ಲಿ ಒಬ್ಬರು ಕುಕ್ ಇದಾರೆ, ಮಾತಾಡಿ ಇಟ್ಟಿದೀನಿ."

ನಾನು ನಿಲ್ಲುತ್ತೇನೆ ಎಂದೆ. ಮಾತು ಗಟ್ಟಿಯಾಗಿಯೇ ಬಂತು. ಆದರೆ ನ್ಯೂಜೆರ್ಸಿಯ ಆ ಮನುಷ್ಯ ನನ್ನ ಕಾವಲಿಯ ಮುಂದೆ ನಿಂತಿರುವುದು ಕಣ್ಣಿಗೆ ಕಂಡಿತು. ಒಮ್ಮೆ ನಿಂತವನು ಹಬ್ಬ ಮುಗಿದ ಮೇಲೆ ಜಾಗ ಬಿಟ್ಟುಕೊಡುತ್ತಾನೆಯೇ? ನಾನಾದರೆ ಬಿಡುತ್ತಿರಲಿಲ್ಲ.

ಆ ವಾರವೇ ಬಾಯಮ್ಮ ಅಡುಗೆಮನೆಗೆ ನುಗ್ಗಿದ್ದು.

ಮಧ್ಯಾಹ್ನದ ಗದ್ದಲ ಮುಗಿದಿತ್ತು. ಅವರ ಗಂಡ ಕೌಂಟರಿನಲ್ಲಿ ಸೋಂಪು ಅಗಿಯುತ್ತ ನಿಂತಿದ್ದರು. ಬಹಳ ಮೌನದ ಮನುಷ್ಯ. ಹೆಂಡತಿ ಇಬ್ಬರ ಪಾಲಿನ ಮಾತನ್ನೂ ಆಡುವುದರಿಂದ ತನಗೆ ವಿಶ್ರಾಂತಿ ಎಂದು ಒಮ್ಮೆ ಹೇಳಿದ್ದರು. ಬಾಯಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಗಿಡ್ಡ ಆಳು, ಬಿಳಿ ಶೂ, ಇಗರ್ಜಿಯ ನೀಲಿ ಸೀರೆಯ ಮೇಲೆ ಮಳೆ ಕೋಟು.

"ಬಾಯಮ್ಮ, ಗಿರಾಕಿಗಳು ಒಳಗೆ ಬರ್ಲಿಕ್ಕಿಲ್ಲ," ಎಂದೆ.

"ನಾನು ಗಿರಾಕಿ ಅಲ್ಲ ಈಗ. ಬಿಲ್ ಕೊಟ್ಟಾಯ್ತು," ಎಂದರು.

ನೇರವಾಗಿ ಸಿಂಕಿಗೆ ಹೋಗಿ ಮೊಳಕೈವರೆಗೆ ಕೈ ತೊಳೆದರು. ಬೆರಳ ಸಂದು, ಉಗುರಿನ ಅಡಿ, ಎಲ್ಲವನ್ನೂ. ಅವರ ಕೈ ತೊಳೆಯುವಿಕೆಯನ್ನು ನೋಡುವುದೇ ಒಂದು ಪಾಠ. ಆಮೇಲೆ ನನ್ನನ್ನು ಬಿಟ್ಟು ಗ್ರೈಂಡರಿನ ಬಳಿಗೆ ಹೋಗಿ, ಬಗ್ಗಿ, ಅದರ ತಳದ ಅಡಿಗೆ ಬೆರಳು ಹಾಕಿ ಎಳೆದು ನೋಡಿದರು. ಬೆರಳಿಗೆ ಹಿಟ್ಟಿನ ಕುರುಹಿಲ್ಲ.

"ಚೊಕ್ಕ ಉಂಟು," ಎಂದರು.

ನನಗೆ ಎದೆ ಉಬ್ಬಿತು. ಹೋಟೆಲು ನೋಡಲು ಬರುವ ಇನ್‌ಸ್ಪೆಕ್ಟರ್ ಕೂಡ ಅಲ್ಲಿಗೆ ಕೈ ಹಾಕಿರಲಿಲ್ಲ. "ಅಡುಗೆಯವ ಎಂಥವ ಅಂತ ಗ್ರೈಂಡರಿನ ಅಡಿ ನೋಡಿದ್ರೆ ಗೊತ್ತಾಗ್ತದೆ ಬಾಯಮ್ಮ," ಎಂದೆ.

"ಹೌದಾ? ನಮ್ಮಲ್ಲಿ ನರ್ಸ್ ಎಂಥವಳು ಅಂತ ಪೇಶಂಟಿನ ತೊಡೆಸಂದು ನೋಡಿದ್ರೆ ಗೊತ್ತಾಗ್ತದೆ. ಮುಖ ಎಲ್ಲರೂ ಒರೆಸ್ತಾರೆ ಮಾರಾಯ. ಮಂಗಳೂರಿನಲ್ಲಿ ನಮ್ಮ ಮೇಟ್ರನ್ ಸಿಸ್ಟರ್ ಇದ್ರು. ವಾರ್ಡಿಗೆ ಬಂದ್ರೆ ಮೊದಲು ಹೊದಿಕೆ ಎತ್ತಿ ಅಲ್ಲಿ ನೋಡ್ತಿದ್ರು, ಆಮೇಲೆ ಬಾಕಿ ಮಾತು. ಕೆಂಪು ಕಂಡ್ರೆ ನಮ್ಮ ಊಟ ಬಂದ್." ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಈಗ ಹೇಳು. ಎಲ್ಲಿ ಆಗಿದೆ ನಿಂಗೆ?"

"ಎಂತ ಆಗಿದೆ?"

"ನಡಿಗೆ ನೋಡ್ತಾ ಇದ್ದೇನೆ ಎರಡು ಭಾನುವಾರದಿಂದ. ಎಲ್ಲಿ ಅಂತ ಕೇಳಿದೆ."

"ಅದು... ಅಲ್ಲಿ."

"ಅಲ್ಲಿ ಅಂದ್ರೆ ಎಲ್ಲಿ? ಸೀಲಿಂಗಲ್ಲಾ?"

ಅನ್ನದ ಒಲೆಯ ಬಳಿ ನಿಂತವನು ಗೋಡೆಯ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದ. ನನ್ನ ಕಿವಿ ಬಿಸಿಯಾಯಿತು. ಹೆಂಗಸಿನ ಎದುರು, ಅದೂ ತಾಯಿಯ ವಯಸ್ಸಿಗೆ ಹತ್ತಿರದ ಹೆಂಗಸಿನ ಎದುರು ಆ ಮಾತು ಆಡುವುದುಂಟೇ?

"ನೋಡು," ಎಂದರು ಬಾಯಮ್ಮ, ದನಿ ಇಳಿಸದೆ, ಏರಿಸದೆ. "ಮೂಗಿಗೆ ಹೆಸರುಂಟು, ಮೊಣಕಾಲಿಗೆ ಹೆಸರುಂಟು. ಆ ಜಾಗಕ್ಕೂ ಹೆಸರುಂಟು. ಹೆಸರು ಹೇಳಿದ್ರೆ ನಾನು ಮಾತಾಡ್ತೇನೆ. ಇಲ್ಲದಿದ್ರೆ ನಾನು ಹೋಗ್ತೇನೆ, ನೀನು ಹೀಗೇ ನಡಿ."

ನಿಜವಾಗಿ ಕೋಟಿನ ಗುಂಡಿ ಹಾಕತೊಡಗಿದರು. ನ್ಯೂಜೆರ್ಸಿಯವನು ಕಣ್ಣ ಮುಂದೆ ಬಂದ.

"ತೊಡೆಸಂದು," ಎಂದೆ.

"ಹಾಂ. ಸತ್ತೆಯಾ? ಇಲ್ಲ ಅಲ್ಲ? ಎಂತ ಹಚ್ಚಿದ್ದಿ?"

ಜೇಬಿನಿಂದ ಟ್ಯೂಬು ತೆಗೆದು ತೋರಿಸಿದೆ. ಅವರು ಅದನ್ನು ಕನ್ನಡಕದ ಹತ್ತಿರ ಹಿಡಿದು ಸಣ್ಣ ಅಕ್ಷರ ಓದಿದರು. ಮುಖ ಗಂಟಾಯಿತು. ಅದರಲ್ಲಿ ಮೂರು ನಾಲ್ಕು ಮದ್ದು ಒಟ್ಟಿಗೆ ಸೇರಿದೆ, ಒಂದು ಸ್ಟೀರಾಯ್ಡ್ ಎಂದರು. ಅದು ತುರಿಕೆಯನ್ನೂ ಕೆಂಪನ್ನೂ ಅಡಗಿಸುತ್ತದೆ. ಒಳಗೆ ಇರುವ ಬೂಷ್ಟು ಮಾತ್ರ ಯಾರ ಕಾಟವೂ ಇಲ್ಲದೆ ಹಬ್ಬುತ್ತದೆ, ಚರ್ಮವೂ ತೆಳ್ಳಗಾಗುತ್ತದೆ.

"ಮನೆಗೆ ಕಳ್ಳ ನುಗ್ಗಿದ್ದಾನೆ. ನೀನು ನಾಯಿಯ ಬಾಯಿ ಕಟ್ಟಿದ್ದಿ. ಸದ್ದಿಲ್ಲ ಅಂತ ನಿದ್ದೆ ಮಾಡಿದ್ದಿ. ಅಷ್ಟೇ ಆದದ್ದು," ಎಂದರು. "ಮತ್ತೆ ಎಂತ ಮಾಡಿದ್ದಿ?"

ಡೆಟಾಲು, ಬಿಸಿ ನೀರು, ಹಸಿರು ನಾರು ಎಲ್ಲವನ್ನೂ ಹೇಳಿದೆ. ಹೇಳುವಾಗ ಸ್ವಲ್ಪ ಅಭಿಮಾನವೂ ಇತ್ತು. ನಾನು ಕೊಳಕನಲ್ಲ ಎಂದು ಅವರಿಗೆ ಗೊತ್ತಾಗಬೇಕಿತ್ತು.

ಬಾಯಮ್ಮ ಕಾವಲಿಯ ಕಡೆ ನೋಡಿದರು. ದಪ್ಪ ಕಬ್ಬಿಣದ ಕಾವಲಿ, ಕಪ್ಪಗೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇದನ್ನು ಸೋಪು ಹಾಕಿ ಉಜ್ಜುತ್ತೀಯಾ?"

"ಛೆ, ಸೋಪು ಮುಟ್ಟಿಸ್ಲಿಕ್ಕುಂಟಾ? ಮತ್ತೆ ದೋಸೆ ಏಳ್ತದಾ? ನೀರುಳ್ಳಿ ಅರ್ಧ ಮಾಡಿ ಎಣ್ಣೆಯಲ್ಲಿ ಅದ್ದಿ ಒರೆಸೋದು, ಅಷ್ಟೇ. ಇದು ಪಳಗಿದ ಕಾವಲಿ ಬಾಯಮ್ಮ. ಇದರ ಮೇಲಿನ ಪದರ ಹೋದ್ರೆ ಎಲ್ಲ ಹೋಯ್ತು."

"ಯಾರಾದ್ರೂ ಹಸಿರು ನಾರು ಹಾಕಿ ಉಜ್ಜಿದ್ರೆ?"

"ಕೈ ಮುರೀತೇನೆ."

"ನಿನ್ನ ಕೈ ಮುರಿ ಮತ್ತೆ," ಎಂದರು. "ಚರ್ಮಕ್ಕೂ ಅಂಥದೇ ಒಂದು ಪದರ ಉಂಟು. ಅದನ್ನು ಉಜ್ಜಿ ಉಜ್ಜಿ ತೆಗೆದಿದ್ದಿ. ಕಬ್ಬಿಣಕ್ಕೆ ಕೊಟ್ಟ ಮರ್ಯಾದೆ ನಿನ್ನ ಮೈಗೆ ಕೊಡ್ಲಿಲ್ಲ ನೀನು."

ನನ್ನನ್ನು ಯಾರೂ ಹಾಗೆ ಗೆದ್ದಿರಲಿಲ್ಲ. ವೈದ್ಯಶಾಸ್ತ್ರ ಹೇಳಿದ್ದರೆ ನಾನು ತಲೆಯಾಡಿಸಿ ಮರೆಯುತ್ತಿದ್ದೆ. ಅವರು ನನ್ನ ಕಸುಬಿನ ಮಾತು ಹಿಡಿದರು, ನನಗೆ ತಪ್ಪಿಸಿಕೊಳ್ಳಲು ಜಾಗ ಉಳಿಯಲಿಲ್ಲ. ಪೌಡರಿನ ವಿಷಯದಲ್ಲೂ ಅಷ್ಟೇ: "ಬೆವರಿನ ಮೇಲೆ ಪೌಡರ್ ಹಾಕಿದ್ರೆ ಎಂತ ಆಗ್ತದೆ ಅಂತ ಹಿಟ್ಟು ಕಲಸುವವನಿಗೆ ನಾನು ಹೇಳ್ಬೇಕಾ?"

ಮದ್ದನ್ನು ಅವರು ತಾವಾಗಿ ಕೊಡಲಿಲ್ಲ. ಅದು ಅವರ ಕಟ್ಟುನಿಟ್ಟು. ನೋಡದೆ ಮದ್ದು ಹೇಳುವವಳು ನರ್ಸ್ ಅಲ್ಲ, ನೋಡಿ ಹೇಳಬೇಕಾದವರು ಡಾಕ್ಟರ್ ಎಂದು ಕ್ಲಿನಿಕ್ಕಿಗೆ ಕಳಿಸಿದರು. ತೊಡೆಸಂದಿನ ಎಲ್ಲ ಕೆಂಪೂ ಒಂದೇ ಅಲ್ಲವಂತೆ. ಬರೀ ಉಜ್ಜಾಟದಿಂದ ಬರುವುದು ಬೇರೆ, ಬಟ್ಟೆಯ ಸೋಪಿನ ವಾಸನೆ ಆಗದೆ ಬರುವುದು ಬೇರೆ, ಬೂಷ್ಟಿನದು ಬೇರೆ. ಮತ್ತೆ ಮತ್ತೆ ಬಂದರೆ ರಕ್ತದ ಸಕ್ಕರೆಯನ್ನೂ ನೋಡಬೇಕು. ಹೋಗುವ ಮೊದಲು ನನ್ನಿಂದ ಒಂದು ಇಂಗ್ಲಿಷ್ ಶಬ್ದವನ್ನು ಬಾಯಿಪಾಠ ಮಾಡಿಸಿದರು. ಗ್ರೋಯಿನ್, ಅಂದರೆ ತೊಡೆಸಂದು. "ಅಲ್ಲಿಯೂ 'ದೇರ್ ದೇರ್' ಅಂದ್ರೆ ಡಾಕ್ಟರಮ್ಮ ನಿನ್ನ ಮೊಣಕಾಲು ನೋಡಿ ಕಳಿಸ್ತಾಳೆ," ಎಂದರು. ಬಸ್ಸಿನಲ್ಲಿ ಕೂತು ಅದನ್ನೇ ಜಪ ಮಾಡುತ್ತ ಹೋದೆ. ಕ್ಲಿನಿಕ್ಕಿನ ಡಾಕ್ಟರಮ್ಮ ಸ್ವಲ್ಪ ಚರ್ಮ ಕೆರೆದು ಪರೀಕ್ಷೆಗೆ ಕಳಿಸಿ, ಬೂಷ್ಟೇ ಎಂದು ಹೇಳಿ, ಮದ್ದು ಬರೆದರು. ನನ್ನ ಇಂಗ್ಲಿಷಿನಿಂದ ಅಷ್ಟು ಚುರುಕಾಗಿ ಕೆಲಸ ಆದದ್ದು ಅದೇ ಮೊದಲು.

ಬಾಯಮ್ಮ ಹೇಳಿಕೊಟ್ಟದ್ದು ಮದ್ದಿನ ಆಚೆಗಿನ ಬದುಕು. ಬೆಚ್ಚಗಿನ ನೀರು ಸಾಕು, ವಾಸನೆಯಿಲ್ಲದ ಸೋಪು ಸಾಕು, ಉಜ್ಜುವುದು ಬೇಡ. ಒರೆಸುವಾಗ ಒತ್ತಿ ಒತ್ತಿ ನೀರು ತೆಗೆಯಬೇಕು, ಎಳೆಯಬಾರದು. ಪಾದಕ್ಕೆ ಬೇರೆ ಟವೆಲು. ಸಡಿಲವಾದ ಹತ್ತಿಯ ಚಡ್ಡಿ, ಕೆಲಸ ಮುಗಿದ ಕೂಡಲೇ ಬದಲು. ಬಟ್ಟೆ ಒಣಗಿಸುವ ಯಂತ್ರದಲ್ಲಿ ಹಾಕುವ ಆ ಘಮಘಮ ಹಾಳೆಯೂ ಬೇಡ. ಹಳೆಯ ಟ್ಯೂಬು ನಿಲ್ಲಿಸಿದಾಗ ಮೊದಲು ಉರಿ ಜಾಸ್ತಿಯಾಗಬಹುದು, ಹೆದರಿ ಮತ್ತೆ ಅದಕ್ಕೇ ಕೈ ಹಾಕಬಾರದು. ಕಲೆ ಮಾಯವಾದ ಕೂಡಲೇ ಹೊಸ ಮದ್ದು ಬಿಡಬಾರದು. ಡಾಕ್ಟರು ಹೇಳಿದಷ್ಟು ದಿನ, ಕಲೆಯ ಅಂಚಿಗಿಂತ ಆಚೆಗೂ ಹಚ್ಚಬೇಕು. "ದೋಸೆ ಹಿಟ್ಟು ಹುಯ್ಯುವ ಮೊದಲು ಎಣ್ಣೆ ಎಲ್ಲಿವರೆಗೆ ಒರೆಸ್ತೀ? ಹಿಟ್ಟು ಬರುವಲ್ಲಿಂದ ಆಚೆವರೆಗೆ ಅಲ್ವಾ? ಹಾಗೆ."

ಅಡುಗೆಮನೆಗೆ ನುಗ್ಗಿದ ದಿನವೇ ನನ್ನ ಶೂ ಬಿಚ್ಚಿಸಿ ಕಾಲ್ಬೆರಳ ಸಂದಿಯನ್ನೂ ನೋಡಿದರು. ಅಡುಗೆಮನೆಯ ಒದ್ದೆ ನೆಲದಲ್ಲಿ ನಿಂತು ನಿಂತು ಅಲ್ಲಿಯೂ ಚರ್ಮ ಬೆಳ್ಳಗೆ ಸುಲಿದಿತ್ತು. ಅಲ್ಲಿಂದಲೇ ಮೇಲೆ ಹತ್ತಿದ್ದು ಎಂದರು. ಚಡ್ಡಿ ಹಾಕುವಾಗ ಪಾದಕ್ಕೆ ತಾಗಿ, ಅದರ ಜೊತೆಗೇ ಮೇಲಕ್ಕೆ ಹೋಗುತ್ತದಂತೆ.

"ಇನ್ನು ಮೇಲೆ ಮೊದಲು ಸಾಕ್ಸ್, ಆಮೇಲೆ ಚಡ್ಡಿ. ಗೊತ್ತಾಯ್ತಾ?"

ಅನ್ನದ ಒಲೆಯವನು ಈಗ ಬಹಿರಂಗವಾಗಿ ನಕ್ಕ. "ಬಾಯಮ್ಮ, ಬರೀ ಸಾಕ್ಸಲ್ಲಿ ನಿಂತ್ರೆ ಹೇಗೆ ಕಾಣ್ತಾರೆ ಇವರು?"

"ನೀನು ಯಾಕೆ ನೋಡ್ಲಿಕ್ಕೆ ಹೋಗ್ತಿ? ನಿನ್ನ ಜೇಬಲ್ಲಿರುವ ಟ್ಯೂಬು ಇಲ್ಲಿ ಕೊಡು."

ಅವನ ನಗು ಅಲ್ಲಿಗೇ ನಿಂತಿತು. ಪಾತ್ರೆಯವನೂ ತಾನಾಗಿ ತಂದು ಕೊಟ್ಟ.

ಹೋಗುವಾಗ ಬಾಗಿಲ ಬಳಿ ನಿಂತು ಹೇಳಿದ ಮಾತು ಎಲ್ಲಕ್ಕಿಂತ ಕಠಿಣವಾಗಿತ್ತು. "ಆ ಪ್ಯಾಂಟಲ್ಲಿ ಇದು ವಾಸಿ ಆಗುದಿಲ್ಲ. ನಿನ್ನ ಯಜಮಾನನಿಗೆ ಹೇಳು."

"ನೀವೇ ಒಂದು ಮಾತು ಹೇಳಿ ಬಾಯಮ್ಮ. ನಿಮ್ಮ ಮಾತು ಕೇಳ್ತಾರೆ."

"ನಿನ್ನ ತೊಡೆಸಂದು, ನಿನ್ನ ಬಾಯಿ. ಒಬ್ಬರ ಮೈ ವಿಷಯ ಇನ್ನೊಬ್ಬರಿಗೆ ನಾನು ಹೇಳುದಿಲ್ಲ. ಯಾವ ಕಾಲಕ್ಕೂ."

ಎರಡು ದಿನ ಬಾಯಿ ಬರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಮೂರನೆಯ ದಿನ ಮಾಲೀಕರು ಒಬ್ಬರೇ ತರಕಾರಿ ಇಳಿಸುತ್ತಿದ್ದಾಗ ಹೋಗಿ ನಿಂತೆ. ಕೈ ಹಿಸುಕಿಕೊಳ್ಳಲಿಲ್ಲ, ನೆಲ ನೋಡಲಿಲ್ಲ. "ನನಗೆ ತೊಡೆಸಂದಿನಲ್ಲಿ ಗಜಕರ್ಣ ಆಗಿದೆ. ಡಾಕ್ಟರಿಗೆ ತೋರಿಸಿದ್ದೇನೆ, ವಾಸಿಯಾಗ್ತದೆ. ಆದರೆ ಈ ಪ್ಯಾಂಟು ಆಗುದಿಲ್ಲ. ಸಡಿಲ ಹತ್ತಿಯದು ಬೇಕು. ಮಧ್ಯಾಹ್ನ ಒಮ್ಮೆ ಬಟ್ಟೆ ಬದಲಾಯಿಸ್ಲಿಕ್ಕೆ ಪುರುಸೊತ್ತು ಬೇಕು. ಅಷ್ಟು ಮಾಡಿದ್ರೆ ಬೆಲ್ವ್ಯೂನಲ್ಲಿ ನಾನೇ ನಿಲ್ತೇನೆ," ಎಂದೆ.

ಮಾಲೀಕರು ಕೋಸಿನ ಪೆಟ್ಟಿಗೆ ಹಿಡಿದುಕೊಂಡೇ ನಿಂತರು. ಬೈಯುತ್ತಾರೆ ಅಂದುಕೊಂಡೆ. ಅವರು ಹಿಂದೆ ಮುಂದೆ ನೋಡಿ ಪೆಟ್ಟಿಗೆ ಕೆಳಗಿಟ್ಟರು.

"ಯಾವ ಡಾಕ್ಟರ್ ಅಣ್ಣ?" ಎಂದರು ಮೆಲ್ಲಗೆ. "ನಂಗೂ ಇದೆ. ಸಾಮಾನು, ಆರ್ಡರ್ ಅಂತ ದಿನಾ ಪೂರ್ತಿ ಕಾರಲ್ಲೇ ಕೂತಿರ್ತೀನಲ್ಲ. ಹೆಂಡತಿಗೂ ಹೇಳಿಲ್ಲ. ಆ ಟ್ಯೂಬ್ ಇದೆಯಲ್ಲ, ಅದನ್ನೇ ಹಾಕ್ಕೊಂಡು ತಳ್ತಿದೀನಿ."

ಊರಿಂದ ಟ್ಯೂಬುಗಳನ್ನು ತರಿಸುತ್ತಿದ್ದವರಲ್ಲಿ ಮೊದಲಿಗರು ಅವರೇ. ಆ ವಾರವೇ ಅಡುಗೆಮನೆಯ ಎಲ್ಲರಿಗೂ ಹತ್ತಿಯ ಪ್ಯಾಂಟು ಬಂತು. ನ್ಯೂಜೆರ್ಸಿಯವನಿಗೆ ಯಾರೂ ಫೋನು ಮಾಡಲಿಲ್ಲ.

ದೀಪಾವಳಿಯ ದಿನ ಪಕ್ಕದ ಊರು ಬೆಲ್ವ್ಯೂನ ಒಂದು ಗಾಜಿನ ಕಟ್ಟಡದಲ್ಲಿ ನಾನು ನಿಂತೆ. ಪೂರ್ತಿ ವಾಸಿಯಾಗಿರಲಿಲ್ಲ, ಆದರೆ ಕಾಲು ಸೇರಿಸಿ ನಿಲ್ಲಬಹುದಿತ್ತು. ಸರತಿ ಬಾಗಿಲು ದಾಟಿ ಹೋಗಿತ್ತು. ಬಾಯಮ್ಮನೂ ಅದರಲ್ಲಿ ನಿಂತು ಬಂದರು. ದೋಸೆ ಮಗುಚಿ ಅಡಿ ನೋಡಿದರು. ಆಮೇಲೆ ದೋಸೆಯಿಂದ ಕಣ್ಣು ತೆಗೆದು ನನ್ನ ಕಾಲು ನೋಡಿದರು. ತಲೆಯಾಡಿಸಿ ಮುಂದೆ ಹೋದರು.

ಅವರು ಯಾರನ್ನೂ ಬಿಡುವವರಲ್ಲ. ಕರ್ಕ್‌ಲ್ಯಾಂಡಿನ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಬೆಂಗಳೂರಿನ ಹುಡುಗ ಶನಿವಾರ ಭಾನುವಾರ ಕೆರೆಯ ಸುತ್ತ ಸೈಕಲ್ ಹೊಡೆದು, ಮೈಗಂಟುವ ಚಡ್ಡಿಯಲ್ಲೇ ಬಂದು ಫಿಲ್ಟರ್ ಕಾಫಿ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದ. ಬಾಯಮ್ಮ ಪಕ್ಕದ ಟೇಬಲ್ಲಿನಿಂದ, "ಅದು ಒದ್ದೆ ಉಂಟು, ಮನೆಗೆ ಹೋಗಿ ಬದಲಾಯಿಸಿ ಕೂತ್ಕೋ ಮಾರಾಯ, ತೊಡೆಸಂದು ಕೊಳೀತದೆ," ಎಂದುಬಿಟ್ಟರು. ಅವನ ಜೊತೆ ಹುಡುಗಿಯರಿದ್ದರು. "ಐ ಆಮ್ ಫೈನ್ ಆಂಟಿ," ಎಂದು ಅವನು ಕೆಂಪಾದ. ಆಮೇಲೆ ನನ್ನ ಬಳಿ ಬಂದು, "ಬಾಸ್, ಯಾರ್ರೀ ಅವ್ರು, ಒಂಚೂರೂ ಫಿಲ್ಟರ್ ಇಲ್ಲ," ಎಂದ. ನನ್ನ ದೋಸೆಯ ಅಡಿ ನೋಡುವವರು ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಒಮ್ಮೆ ಅವರನ್ನು ಕೇಳಿದ್ದೆ, ಇಷ್ಟು ಗಟ್ಟಿಯಾಗಿ ಯಾಕೆ ಮಾತಾಡುತ್ತೀರಿ, ಜನ ಏನಾದರೂ ಅಂದುಕೊಳ್ಳುವುದಿಲ್ಲವೇ ಎಂದು. ಅವರು ಹೇಳಿದರು: "ಮೆಲ್ಲಗೆ ಹೇಳಿದ್ರೆ ಅದು ನಾಚಿಕೆಯ ಕಾಯಿಲೆ ಆಗ್ತದೆ. ಗಟ್ಟಿಯಾಗಿ ಹೇಳಿದ್ರೆ ಬರೀ ಕಾಯಿಲೆ. ನಾಚಿಕೆಯಿಂದ ಕೊಳೆತು ಬಂದವರನ್ನು ನೋಡಿ ನೋಡಿ ನಂಗೆ ಸಾಕಾಗಿದೆ." ಬೇರೇನೂ ವಿವರಿಸಲಿಲ್ಲ. ರಜೆಗೆ ಬಂದಿದ್ದ ಅವರ ಮೊಮ್ಮಗಳು ಪಕ್ಕದಲ್ಲಿ ಕೂತು ಕನ್ನಡವೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ, "ಗ್ರ್ಯಾಂಡ್‌ಮಾ, ನಾಟ್ ವೈಲ್ ಈಟಿಂಗ್," ಎಂದಳು. "ತಿನ್ನುವ ಬಾಯಿಗೆ ಇದು ತಾಗುದಿಲ್ಲ, ನೀನು ತಿನ್ನು," ಎಂದರು.

ಬೀಳ್ಕೊಡುಗೆಯ ಊಟ ನಮ್ಮ ಹೋಟೆಲಿನಲ್ಲೇ ಆಯಿತು. ಇಗರ್ಜಿಯವರು, ಕನ್ನಡದವರು, ಆಸ್ಪತ್ರೆಯ ಅವರ ಗೆಳತಿಯರು ಸೇರಿ ಹೋಟೆಲು ತುಂಬಿತ್ತು. ಮಾಲೀಕರು ದೊಡ್ಡ ಮಾತಾಡಿದರು. ಕನ್ನಡದವರ ಪರವಾಗಿ ಒಬ್ಬರು ಶಾಲು ಹೊದಿಸಿ, ಇವರು ನಮ್ಮ ಸಮಾಜದ ದೀಪ ಎಂದರು. ಬಾಯಮ್ಮ ಶಾಲನ್ನು ಮಡಚಿ ಗಂಡನ ತೊಡೆಯ ಮೇಲಿಟ್ಟರು. ಮಾತಾಡಿ ಎಂದು ಒತ್ತಾಯ ಮಾಡಿ ಮೈಕು ಕೊಟ್ಟಾಗ ಎದ್ದು ನಿಂತು, ಎಲ್ಲರಿಗೂ ಉಪಕಾರ ಎಂದು ಇಷ್ಟೇ ಹೇಳಿ, ಅಡುಗೆಮನೆಯ ಕಿಂಡಿಯ ಕಡೆ ತಿರುಗಿದರು.

ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಸಟ್ಟುಗ.

ಮೈಕು ಬಾಯಿಯ ಹತ್ತಿರವೇ ಇತ್ತು. "ಹೇಗುಂಟು ಮಾರಾಯ ನಿನ್ನ ತೊಡೆಸಂದು?" ಎಂದರು.

ಯಾರದೋ ಚಮಚ ತಟ್ಟೆಗೆ ಬಿತ್ತು. ಮಾಲೀಕರ ಹೆಂಡತಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡರು. ಎಲ್ಲರ ತಲೆಯೂ ಕಿಂಡಿಯ ಕಡೆ ತಿರುಗಿತು. ಯಾರ ಬಗ್ಗೆಯೂ ಯಾರಿಗೂ ಹೇಳದ ಆ ಹೆಂಗಸು ಎಲ್ಲರೆದುರು ಹೀಗೆ ಯಾಕೆ ಕೇಳಿದರು ಎಂದು ನನಗೆ ಆ ಕ್ಷಣಕ್ಕೇ ತಿಳಿಯಿತು. ನಾನು ಉತ್ತರ ಕೊಡಬಲ್ಲೆ ಎಂದು ಅವರಿಗೆ ಗೊತ್ತಿತ್ತು. ಅಲ್ಲಿದ್ದ ಅಷ್ಟೂ ಜನರಲ್ಲಿ ಆ ಪ್ರಶ್ನೆ ತಡೆದುಕೊಳ್ಳುವ ಗಂಡಸು ಎಂದು ಅವರು ಆರಿಸಿದ್ದು ನನ್ನನ್ನು.

ನಾನು ಸಟ್ಟುಗ ಕೆಳಗಿಟ್ಟೆ. "ಚೊಕ್ಕ ಉಂಟು ಬಾಯಮ್ಮ," ಎಂದೆ, ಕೊನೆಯ ಟೇಬಲ್ಲಿಗೂ ಕೇಳುವಷ್ಟು ಗಟ್ಟಿಯಾಗಿ. "ಗ್ರೈಂಡರಿನ ಅಡಿಯ ಹಾಗೆ."

ಅವರು ತಲೆಯಾಡಿಸಿದರು. ಮೈಕು ಕೊಟ್ಟು ಕೂತರು. ಮೊದಲು ನಕ್ಕದ್ದು ಆಸ್ಪತ್ರೆಯ ಗೆಳತಿಯರಿಗೆ ಅರ್ಥ ಹೇಳುತ್ತಿದ್ದ ಅವರ ಗಂಡ. ಆಮೇಲೆ ಎಲ್ಲರೂ.

ಜನ ಕೈ ತೊಳೆಯಲು ಏಳುತ್ತಿದ್ದಂತೆ ಕಿಂಡಿಯ ಬಳಿ ಒಬ್ಬ ಬಂದು ನಿಂತ. ಕರ್ಕ್‌ಲ್ಯಾಂಡಿನ ಸೈಕಲ್ ಹುಡುಗ. ಖಾಲಿ ಪ್ಲೇಟು ಹಿಡಿದಿದ್ದ, ದೋಸೆ ಬೇಕಾಗಿರಲಿಲ್ಲ.

"ಬಾಸ್," ಎಂದ, ಆಚೆ ಈಚೆ ನೋಡಿ, ಉಸಿರಿನಷ್ಟು ದನಿಯಲ್ಲಿ. "ಒಂದು ವಿಷ್ಯ ಕೇಳ್ಬೇಕಿತ್ತು. ನಂಗೂ ಸ್ವಲ್ಪ ದಿನದಿಂದ... ಅಲ್ಲಿ..."

ದೂರದ ಟೇಬಲ್ಲಿನಿಂದ ಬಾಯಮ್ಮ ನಮ್ಮನ್ನೇ ನೋಡುತ್ತಿದ್ದರು. ಎದ್ದು ಬರಲಿಲ್ಲ. ಪಾಯಸದ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡರು.

ನಾನು ಕೈ ತೊಳೆದು, ಬೆರಳ ಸಂದುಗಳನ್ನೂ ಒರೆಸಿಕೊಂಡು, ಅವನ ಕಡೆ ತಿರುಗಿದೆ.

"ಎಲ್ಲಿ?" ಎಂದೆ. "ಹೆಸರು ಹೇಳಿ ಸಾರ್."